ಗೂರ್ಖಾ ಪಡೆಗಳು: ಇನ್ನೂರು ವರ್ಷದ ಒಂದು ಕರಾರಿನ ಕಥೆ

ವೇಲೂರಿನ ಸಿಪಾಯಿ ದಂಗೆಯ ಬಗ್ಗೆ ಓದಿದವರಿಗೆ ರೋಲೋ ಗಿಲೆಸ್ಪಿ ಎಂಬ ಬ್ರಿಟಿಷ್ ಸೇನಾಧಿಕಾರಿಯ ಹೆಸರು ನೆನಪಿರಬಹುದು. 1806ರ ಜುಲೈ 10ರಂದು ವೇಲೂರು ಕೋಟೆಯ ಸಿಪಾಯಿಗಳು ತಿರುಗಿಬಿದ್ದು ಟಿಪ್ಪುವಿನ ಬಾವುಟ ಹಾರಿಸಿದರು. ಟಿಪ್ಪುವಿನ ಮಕ್ಕಳನ್ನು ಕಂಪನಿ ಸರ್ಕಾರ ಅದೇ ಕೋಟೆಯಲ್ಲಿ ಇಟ್ಟಿತ್ತು. ಸುದ್ದಿ ಸಿಕ್ಕ ತಕ್ಷಣ ಆರ್ಕಾಟಿನಿಂದ ಕುದುರೆ ಓಡಿಸಿಕೊಂಡು ಬಂದ ಗಿಲೆಸ್ಪಿ, ಅದೇ ದಿನ ದಂಗೆಯನ್ನು ಅಡಗಿಸಿದ. ನೂರಾರು ಸಿಪಾಯಿಗಳು ಸತ್ತರು. ಟಿಪ್ಪುವಿನ ಮಕ್ಕಳನ್ನು ಕಲ್ಕತ್ತೆಗೆ ಸಾಗಿಸಿದರು.

ಇದೇ ಗಿಲೆಸ್ಪಿ ಎಂಟು ವರ್ಷದ ನಂತರ, 1814ರ ಅಕ್ಟೋಬರ್ 31ರಂದು, ಡೆಹ್ರಾಡೂನ್ ಪಕ್ಕದ ನಾಲಾಪಾನಿ ಗುಡ್ಡದ ಮೇಲೆ ಗುಂಡು ತಗುಲಿ ಸತ್ತ. ಕಂಪನಿಗೂ ನೇಪಾಳಕ್ಕೂ ನಡೆದ ಯುದ್ಧ ಅದು. ಅಲ್ಲಿದ್ದದ್ದು ನೇಪಾಳದವರ ಒಂದು ಪುಟ್ಟ ಕೋಟೆ. ಒಳಗೆ ಬಲಭದ್ರ ಕುಂವರ್ ಎಂಬ ನಾಯಕನ ಕೈಕೆಳಗೆ ಹೆಂಗಸರು, ಮಕ್ಕಳು ಸೇರಿ ಸುಮಾರು 600 ಜನ. ಹೊರಗೆ ಫಿರಂಗಿ ಸಮೇತ 3 ಸಾವಿರಕ್ಕೂ ಹೆಚ್ಚು ಕಂಪನಿ ಸೈನಿಕರು. ಆದರೂ ಕೋಟೆ ಒಂದು ತಿಂಗಳು ಬೀಳಲಿಲ್ಲ. ಕೊನೆಗೆ ಇಂಗ್ಲಿಷರು ಕೋಟೆಗೆ ನೀರು ಬರುವ ದಾರಿ ಮುಚ್ಚಿದರು. ಬಾಯಾರಿ ಕಂಗೆಟ್ಟ ಬಲಭದ್ರ, ಉಳಿದಿದ್ದ ಎಪ್ಪತ್ತು ಜನರ ಜೊತೆ ರಾತ್ರೋರಾತ್ರಿ ಹೊರಬಿದ್ದ.

ಆ ಮುತ್ತಿಗೆಯ ಒಂದು ಪ್ರಸಂಗವನ್ನು ಇಂಗ್ಲಿಷರೇ ಬರೆದಿಟ್ಟಿದ್ದಾರೆ. ಗುಂಡಿಗೆ ದವಡೆ ಒಡೆದುಹೋದ ಗೂರ್ಖಾ ಸೈನಿಕನೊಬ್ಬ ಕೈಬೀಸುತ್ತಾ ಇಂಗ್ಲಿಷರ ಪಾಳೆಯಕ್ಕೇ ಬಂದನಂತೆ. ವೈದ್ಯರು ಚಿಕಿತ್ಸೆ ಕೊಟ್ಟರು. ಗಾಯ ಮಾಗಿದ ಮೇಲೆ, ನನ್ನನ್ನು ಬಿಡಿ, ವಾಪಸ್ ಹೋಗಿ ನಿಮ್ಮ ಮೇಲೆ ಯುದ್ಧ ಮಾಡಬೇಕು ಅಂದನಂತೆ. ಯುದ್ಧ ಮುಗಿದ ಮೇಲೆ ಇಂಗ್ಲಿಷರು ಅಲ್ಲಿ ಎರಡು ಸ್ಮಾರಕ ಕಂಬ ನಿಲ್ಲಿಸಿದರು. ಒಂದು ಗಿಲೆಸ್ಪಿ ಮತ್ತು ತಮ್ಮ ಸೈನಿಕರಿಗೆ. ಇನ್ನೊಂದು ಬಲಭದ್ರ ಮತ್ತು ಅವನ ಗೂರ್ಖಾಗಳಿಗೆ.

ಗೂರ್ಖಾಗಳ ಬಗ್ಗೆ ಬರೆಯುವವರೆಲ್ಲ ಸಾಮಾನ್ಯವಾಗಿ ಇಲ್ಲಿಗೆ ಬಂದು ಭಾವುಕರಾಗುತ್ತಾರೆ. ಶತ್ರುವೇ ಮೆಚ್ಚಿದ ಶೌರ್ಯ ಅಂತ. ಅದು ಸುಳ್ಳಲ್ಲ. ಆದರೆ ಅದರ ಜೊತೆಗೇ ಒಂದು ವ್ಯವಹಾರವೂ ಶುರುವಾಯಿತು. ಒಂದು ದೇಶದ ಯುವಕರು ಇನ್ನೊಂದು ದೇಶದ ಸೈನ್ಯದಲ್ಲಿ ಸಂಬಳಕ್ಕೆ ದುಡಿಯುವ ವ್ಯವಹಾರ. ಆ ಕರಾರು ಯಾರು ಯಾರ ನಡುವೆ, ಯಾವ ಷರತ್ತಿನ ಮೇಲೆ ಆಯಿತು ಅಂತ ನೋಡದಿದ್ದರೆ ಗೂರ್ಖಾಗಳ ಚರಿತ್ರೆ ಅರ್ಧ ಮಾತ್ರ ಕಾಣುತ್ತದೆ. ಆ ಇನ್ನರ್ಧವೇ ನನಗೆ ಜಾಸ್ತಿ ಕುತೂಹಲದ್ದು.

ಗೂರ್ಖಾ ಅಂದರೆ ಯಾರು?

ಇದು ಒಂದು ಜಾತಿಯ ಹೆಸರಲ್ಲ, ಒಂದು ಬುಡಕಟ್ಟಿನ ಹೆಸರೂ ಅಲ್ಲ. ಗೋರ್ಖಾ ಅನ್ನುವುದು ಕಠ್ಮಂಡುವಿನ ಪಶ್ಚಿಮಕ್ಕಿರುವ ಬೆಟ್ಟದ ಊರು. 1743ರಲ್ಲಿ ಅಲ್ಲಿ ಪಟ್ಟಕ್ಕೆ ಬಂದ ಪೃಥ್ವಿ ನಾರಾಯಣ ಶಾ ಅಕ್ಕಪಕ್ಕದ ಸಣ್ಣಪುಟ್ಟ ರಾಜ್ಯಗಳನ್ನು ಒಂದೊಂದಾಗಿ ನುಂಗುತ್ತಾ ಬಂದು, 1768ರಲ್ಲಿ ಕಠ್ಮಂಡುವನ್ನು ಗೆದ್ದ. ಇಂದಿನ ನೇಪಾಳ ಹುಟ್ಟಿದ್ದು ಹಾಗೆ. ಅವನ ಸೈನ್ಯದವರನ್ನು ಹೊರಗಿನವರು ಗೋರ್ಖಾಲಿಗಳು ಅಂದರು. ಆ ಸೈನ್ಯದಲ್ಲಿ ಮಗರ್, ಗುರುಂಗ್, ಖಸ್, ಠಾಕೂರಿ ಹೀಗೆ ಹಲವು ಜನ ಇದ್ದರು. ಒಬ್ಬೊಬ್ಬರ ಮನೆಮಾತು ಒಂದೊಂದು. ಪೂರ್ವ ನೇಪಾಳದ ರಾಯ್ ಮತ್ತು ಲಿಂಬುಗಳು ಇಂಗ್ಲಿಷರ ಪಲ್ಟನ್ನುಗಳಿಗೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದು ತುಂಬಾ ನಂತರ.

ಬೆಂಗಳೂರಿನ ಬಡಾವಣೆಗಳಲ್ಲಿ ರಾತ್ರಿ ಸೀಟಿ ಊದುತ್ತಾ ಗಸ್ತು ತಿರುಗುವವರನ್ನು ನಾವು ಗೂರ್ಖಾ ಅಂತಲೇ ಕರೆಯುತ್ತೇವೆ, ಅಲ್ವಾ? ಅವರಲ್ಲಿ ಬಹುಪಾಲು ಜನರಿಗೂ ಸೈನ್ಯಕ್ಕೂ ಸಂಬಂಧವೇ ಇಲ್ಲ. ದಕ್ಷಿಣ ಭಾರತಕ್ಕೆ ಕೆಲಸ ಹುಡುಕಿಕೊಂಡು ಬರುವ ನೇಪಾಳಿಗಳಲ್ಲಿ ಅಛಾಮ್, ಬಝಾಂಗ್, ಡೋಟಿಯಂಥ ದೂರಪಶ್ಚಿಮದ ಬಡ ಜಿಲ್ಲೆಗಳವರು ಜಾಸ್ತಿ. ಸೈನ್ಯದ ನೇಮಕಾತಿ ಅಧಿಕಾರಿಗಳು ಆರಿಸುತ್ತಿದ್ದದ್ದು ಹೆಚ್ಚಾಗಿ ಮಧ್ಯ ಮತ್ತು ಪೂರ್ವ ನೇಪಾಳದ ಬೆಟ್ಟಗಳವರನ್ನು. ಸೈನ್ಯ ಕಟ್ಟಿದ ಹೆಸರು ಮಾತ್ರ ಎಲ್ಲರ ಬೆನ್ನಿಗೂ ಅಂಟಿಕೊಂಡಿತು.

ಸೋತವರಿಗೇ ಸಂಬಳ

1815ರ ಏಪ್ರಿಲ್ ಹೊತ್ತಿಗೆ ಹಿಮಾಲಯದ ಪಶ್ಚಿಮ ಭಾಗದಲ್ಲಿ ಗೋರ್ಖಾಲಿ ಸೈನ್ಯ ಸೋಲುತ್ತಾ ಬಂದಿತ್ತು. ಯುದ್ಧ ಪೂರ್ತಿ ಮುಗಿಯುವ ಮೊದಲೇ ಕಂಪನಿಯವರು, ಸೆರೆ ಸಿಕ್ಕವರನ್ನೂ ಬಿಟ್ಟುಬಂದವರನ್ನೂ ಸೇರಿಸಿಕೊಂಡು ಪಲ್ಟನ್ ಕಟ್ಟಲು ಶುರು ಮಾಡಿದರು. ಕಂಪನಿಯ ಸೇನಾನಿ ಡೇವಿಡ್ ಆಕ್ಟರ್‌ಲೋನಿಯ ಮುಂದೆ ಗೋರ್ಖಾಲಿ ಸೇನಾನಿ ಅಮರ್ ಸಿಂಗ್ ಥಾಪಾ ಮಲಾವ್ ಕೋಟೆ ಬಿಟ್ಟುಕೊಟ್ಟದ್ದು ಮೇ ತಿಂಗಳಲ್ಲಿ. ನಸೀರಿ, ಸಿರ್ಮೂರ್, ಕುಮಾವೂನ್ ಹೆಸರಿನ ಬೆಟಾಲಿಯನ್ನುಗಳು ಹುಟ್ಟಿದ್ದು ಆ ವರ್ಷವೇ. ಇವತ್ತಿನ ಭಾರತೀಯ ಸೇನೆಯ 1ನೇ ಗೋರ್ಖಾ ರೈಫಲ್ಸ್ ತನ್ನ ಹುಟ್ಟನ್ನು ಲೆಕ್ಕ ಹಾಕುವುದು ಅಲ್ಲಿಂದಲೇ. ಈ ಮೊದಲ ತಲೆಮಾರಿನವರಲ್ಲಿ ಕುಮಾವೂನಿಗಳು, ಗಢವಾಲಿಗಳೂ ಬೇಕಾದಷ್ಟು ಇದ್ದರು. ಅವರ ಊರುಗಳನ್ನು ಗೋರ್ಖಾಲಿಗಳು ಗೆದ್ದು, ಅವರನ್ನೂ ಸೈನ್ಯಕ್ಕೆ ಸೇರಿಸಿಕೊಂಡಿದ್ದರು.

1816ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಸುಗೌಲಿ ಒಪ್ಪಂದದಲ್ಲಿ ನೇಪಾಳ ತನ್ನ ನೆಲದ ಮೂರನೇ ಒಂದು ಭಾಗವನ್ನು ಕಳೆದುಕೊಂಡಿತು. ನಾಲಾಪಾನಿಯ ಬಲಭದ್ರ ಏನಾದ? ಲಾಹೋರಿಗೆ ಹೋಗಿ ರಣಜೀತ್ ಸಿಂಗನ ಸೈನ್ಯ ಸೇರಿದ. 1823ರಲ್ಲಿ ನೌಷೇರಾದಲ್ಲಿ ಆಫ್ಘನ್ನರ ಜೊತೆ ಹೋರಾಡುತ್ತಾ ಸತ್ತ. ಪರದೇಶದ ಸೈನ್ಯಕ್ಕೆ ಸೇರಿದವರನ್ನು ನೇಪಾಳದ ಹಳ್ಳಿಗಳಲ್ಲಿ ಇಂದಿಗೂ ಲಾಹುರೆ ಅನ್ನುತ್ತಾರೆ. ಹಳ್ಳಿಯಲ್ಲಿ ಲಾಹುರೆ ಅಂದರೆ ಕೈಯಲ್ಲಿ ದುಡ್ಡಿರುವವನು, ಹೆಣ್ಣು ಕೊಡಬಹುದಾದವನು.

1857ರ ಸಿಪಾಯಿ ದಂಗೆಯಲ್ಲಿ ಈ ಪಲ್ಟನ್ನುಗಳ ನಸೀಬು ಬದಲಾಯಿತು. ದಿಲ್ಲಿಯ ಹೊರಗಿನ ದಿಬ್ಬದ ಮೇಲೆ ಹಿಂದೂರಾವ್ ಅವರ ಬಂಗಲೆಯನ್ನು ಹಿಡಿದು ಕೂತದ್ದು ಸಿರ್ಮೂರ್ ಬೆಟಾಲಿಯನ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಡೆದ ಕಾಳಗದಲ್ಲಿ ಅದರ 490 ಜನರಲ್ಲಿ 327 ಜನ ಸತ್ತರು ಅಥವಾ ಗಾಯಗೊಂಡರು. ಅತ್ತ ನೇಪಾಳದ ಪ್ರಧಾನಿ ಜಂಗ್ ಬಹಾದೂರ್ ರಾಣಾ ತನ್ನ ಸೈನ್ಯವನ್ನೇ ತೆಗೆದುಕೊಂಡು ಲಕ್ನೋ ಕಡೆಗೆ ಇಂಗ್ಲಿಷರ ಸಹಾಯಕ್ಕೆ ಬಂದ. ಅದಕ್ಕೆ ಪ್ರತಿಯಾಗಿ 1860ರಲ್ಲಿ ನೇಪಾಳಕ್ಕೆ ಪಶ್ಚಿಮ ತರಾಯಿ, ಅಂದರೆ ಬೆಟ್ಟದ ಬುಡದ ಬಯಲು ಪ್ರದೇಶ ವಾಪಸ್ ಸಿಕ್ಕಿತು. ಸೈನಿಕರನ್ನು ಕೊಟ್ಟು ನೆಲ ಪಡೆದ ಲೆಕ್ಕ ಅದು.

ಆಮೇಲೆ ಇಂಗ್ಲಿಷರು ಒಂದು ಸಿದ್ಧಾಂತವನ್ನೇ ಹೊಸೆದರು. ಕೆಲವು ಜನಾಂಗಗಳು ಹುಟ್ಟಾ ಯೋಧರು, ಉಳಿದವರು ಕೈಲಾಗದವರು ಅಂತ. ದಂಗೆಯಲ್ಲಿ ತಮ್ಮ ಕಡೆ ನಿಂತ ಗೂರ್ಖಾ, ಸಿಖ್, ಪಠಾಣರು ಮೊದಲ ಪಟ್ಟಿಗೆ ಹೋದರು. ತಿರುಗಿಬಿದ್ದ ಅವಧ್ ಕಡೆಯವರು ಎರಡನೆಯದಕ್ಕೆ. ಯಾರು ವೀರರು ಅನ್ನುವುದಕ್ಕಿಂತ ಯಾರನ್ನು ನಂಬಬಹುದು ಅನ್ನುವ ಲೆಕ್ಕಾಚಾರವೇ ಇದರಲ್ಲಿ ಜಾಸ್ತಿ ಇತ್ತು. ಇದರ ಬಿಸಿ ದಕ್ಷಿಣಕ್ಕೂ ತಟ್ಟಿತು. 1881ರಿಂದ 1885ರವರೆಗೆ ಮದ್ರಾಸ್ ಸೈನ್ಯದ ದಂಡನಾಯಕನಾಗಿದ್ದ ಫ್ರೆಡರಿಕ್ ರಾಬರ್ಟ್ಸ್‌ಗೆ ದಕ್ಷಿಣದ ಸಿಪಾಯಿಗಳ ಮೇಲೆ ಭರವಸೆ ಇರಲಿಲ್ಲ. ಇಡೀ ಭಾರತದ ದಂಡನಾಯಕನಾದ ಮೇಲೆ ಅವನು ಮದ್ರಾಸಿನ ಪಲ್ಟನ್ನುಗಳನ್ನು ಕಡಿಮೆ ಮಾಡುತ್ತಾ ಹೋದ. ಗೂರ್ಖಾಗಳ ಬೆಟಾಲಿಯನ್ನುಗಳು ಹೆಚ್ಚುತ್ತಾ ಹೋದವು. ಟಿಪ್ಪುವಿನ ಸೈನ್ಯದ ಎದುರು ಕಂಪನಿ ಹೋರಾಡಿದ್ದು ಇದೇ ಮದ್ರಾಸ್ ಸೈನ್ಯವನ್ನು ಇಟ್ಟುಕೊಂಡು ಅನ್ನುವುದನ್ನು ಆ ಮಹಾಶಯ ಮರೆತಂತಿದೆ!

ಮೊದಮೊದಲು ನೇಪಾಳದ ದೊರೆಗಳಿಗೆ ಇಂಗ್ಲಿಷರು ತಮ್ಮ ಪ್ರಜೆಗಳನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದು ಇಷ್ಟವಿರಲಿಲ್ಲ. ಗಡಿ ದಾಟಿಸಿ ಗುಟ್ಟಾಗಿ ಕರೆತರಬೇಕಿತ್ತು. 1885ರಲ್ಲಿ ಕೊಲೆ ಮಾಡಿಸಿ ಗದ್ದುಗೆ ಏರಿದ ಬೀರ್ ಶಂಶೇರ್‌ಗೆ ಇಂಗ್ಲಿಷರ ಮಾನ್ಯತೆ ಬೇಕಿತ್ತು, ಬಂದೂಕುಗಳೂ ಬೇಕಿದ್ದವು. ಬಾಗಿಲು ತೆರೆಯಿತು. ಗೋರಖ್‌ಪುರ ಮತ್ತು ಡಾರ್ಜಿಲಿಂಗ್ ಕಡೆ ನೇಮಕಾತಿ ಕೇಂದ್ರಗಳು ಜೋರಾಗಿ ನಡೆದವು. ಇಪ್ಪತ್ತನೇ ಶತಮಾನದ ಆರಂಭಕ್ಕೆ ಹತ್ತು ಗೂರ್ಖಾ ರೆಜಿಮೆಂಟುಗಳು ಆಗಿದ್ದವು.

ಎರಡು ಮಹಾಯುದ್ಧಗಳು

ಮೊದಲ ಮಹಾಯುದ್ಧದಲ್ಲಿ ಸುಮಾರು 2 ಲಕ್ಷ ಗೂರ್ಖಾಗಳು ದುಡಿದರು. ಆಗಿನ ನೇಪಾಳದ ಜನಸಂಖ್ಯೆ ಎಷ್ಟು ಚಿಕ್ಕದು ಅಂತ ಯೋಚಿಸಿದರೆ, ಬೆಟ್ಟದ ಎಷ್ಟು ಹಳ್ಳಿಗಳಲ್ಲಿ ಉಳುವವರೇ ಇರಲಿಲ್ಲವೋ ಅನಿಸುತ್ತದೆ. ಫ್ರಾನ್ಸ್, ಗಲಿಪೊಲಿ, ಮೆಸೊಪೊಟೇಮಿಯಾ, ಪ್ಯಾಲೆಸ್ಟೈನ್ ಎಲ್ಲ ಕಡೆ ಅವರಿದ್ದರು. 1915ರ ಸೆಪ್ಟೆಂಬರ್ 25ರಂದು ಫ್ರಾನ್ಸಿನಲ್ಲಿ ಕುಲ್‌ಬೀರ್ ಥಾಪಾ ತಾವೇ ಗಾಯಗೊಂಡಿದ್ದರೂ, ಜರ್ಮನ್ ಸಾಲಿನ ಹಿಂದೆ ಬಿದ್ದಿದ್ದ ಬ್ರಿಟಿಷ್ ಸೈನಿಕನೊಬ್ಬನ ಜೊತೆ ಇಡೀ ರಾತ್ರಿ ಉಳಿದು, ಮರುದಿನ ಅವನನ್ನೂ ಇಬ್ಬರು ಗೂರ್ಖಾಗಳನ್ನೂ ಹೊತ್ತು ತಂದರು. ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ನೇಪಾಳಿ ಗೂರ್ಖಾ ಅವರು. ಅದಕ್ಕೂ ಮೊದಲು ಈ ಪದಕ ಪಡೆದ ಗೂರ್ಖಾ ಪಲ್ಟನ್ನಿನವರೆಲ್ಲ ಬ್ರಿಟಿಷ್ ಅಧಿಕಾರಿಗಳು. ಯಾಕೆಂದರೆ ಭಾರತೀಯ ಸೈನ್ಯದ ಸಿಪಾಯಿಗಳಿಗೆ ಆ ಪದಕ ಕೊಡಬಹುದು ಅಂತ ನಿಯಮ ಆದದ್ದೇ 1911ರಲ್ಲಿ.

ಯುದ್ಧದ ನಂತರ ಬ್ರಿಟನ್ ನೇಪಾಳದ ಸರ್ಕಾರಕ್ಕೆ ವರ್ಷಕ್ಕೆ 10 ಲಕ್ಷ ರೂಪಾಯಿ ಕೊಡಲು ಒಪ್ಪಿತು. 1923ರ ಒಪ್ಪಂದದಲ್ಲಿ ನೇಪಾಳದ ಸ್ವಾತಂತ್ರ್ಯವನ್ನು ಸ್ಪಷ್ಟವಾಗಿ ಒಪ್ಪಿಕೊಂಡಿತು. ಇಲ್ಲೂ ಅದೇ ಲೆಕ್ಕ.

ಈ ಚರಿತ್ರೆಯಲ್ಲಿ ಮುಚ್ಚಿಡಬಾರದ ಪುಟವೂ ಒಂದಿದೆ. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ಗೆ ಡಯರ್ ಕರೆದೊಯ್ದ 50 ಬಂದೂಕುಧಾರಿಗಳಲ್ಲಿ ಗೂರ್ಖಾಗಳಿದ್ದರು. ಬರೀ ಖುಕ್ರಿ ಎಂಬ ಬಾಗಿದ ಕತ್ತಿ ಹಿಡಿದ ಇನ್ನೂ 40 ಗೂರ್ಖಾಗಳು ಜೊತೆಗಿದ್ದರು. ಹೊರಗಿನವನನ್ನು ಸೈನ್ಯದಲ್ಲಿ ಇಟ್ಟುಕೊಳ್ಳುವ ಲಾಭ ಆಳುವವರಿಗೆ ಏನು ಅನ್ನುವುದು ಅಂದು ಗೊತ್ತಾಯಿತು. ಅತ್ತ ಅದೇ ಗೂರ್ಖಾ ಪಲ್ಟನ್ ಬಿಟ್ಟು ಸುಭಾಷರ ಆಜಾದ್ ಹಿಂದ್ ಫೌಜ್ ಸೇರಿದವರೂ ಇದ್ದಾರೆ. ಡೆಹ್ರಾಡೂನ್ ಕಡೆಯ ದುರ್ಗಾ ಮಲ್ಲ ಅವರನ್ನು 1944ರ ಆಗಸ್ಟ್‌ನಲ್ಲಿ ಬ್ರಿಟಿಷರು ಗಲ್ಲಿಗೇರಿಸಿದರು.

ಎರಡನೇ ಮಹಾಯುದ್ಧದಲ್ಲಿ ಗೂರ್ಖಾಗಳು ಉತ್ತರ ಆಫ್ರಿಕಾ, ಇಟಲಿ, ಬರ್ಮಾಗಳಲ್ಲಿ ಕಾದಿದರು. 1945ರ ಮೇ ತಿಂಗಳಲ್ಲಿ ಬರ್ಮಾದ ತೌಂಗ್ಡಾ ಎಂಬಲ್ಲಿ ಲಛಿಮನ್ ಗುರುಂಗ್ ಅವರ ಕಂದಕಕ್ಕೆ ಜಪಾನಿಗಳು ಗ್ರೆನೇಡ್ ಎಸೆದರು. ಎರಡನ್ನು ಗುರುಂಗ್ ಹಿಡಿದು ವಾಪಸ್ ಎಸೆದರು. ಮೂರನೆಯದು ಕೈಯಲ್ಲೇ ಸಿಡಿದು ಬಲಗೈಯ ಬೆರಳುಗಳು ಹಾರಿಹೋದವು. ಎಡಗೈಯಲ್ಲೇ ಬಂದೂಕು ತುಂಬಿಕೊಂಡು ನಾಲ್ಕು ಗಂಟೆ ಹೋರಾಡಿದರು. ಅವರ ಎತ್ತರ ಐದಡಿಯೂ ಇರಲಿಲ್ಲ.

ಖುಕ್ರಿಯ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಒರೆಯಿಂದ ತೆಗೆದ ಖುಕ್ರಿಗೆ ರಕ್ತ ತೋರಿಸದೆ ವಾಪಸ್ ಇಡುವಂತಿಲ್ಲ ಅನ್ನುವುದು ಬರೀ ಕಟ್ಟುಕಥೆ. ನೇಪಾಳದ ಬೆಟ್ಟದ ಮನೆಗಳಲ್ಲಿ ಅದು ಸೌದೆ ಸೀಳುವ, ಗಿಡ ಸವರುವ, ಕುರಿ ಕಡಿಯುವ ಕತ್ತಿ. ಪ್ರತಿ ಸಲ ರಕ್ತ ಬೇಕು ಅಂದರೆ ಸಂಜೆಯ ಅಡುಗೆ ಮಾಡುವುದು ಹೇಗೆ? ಹಾಗಂತ ಅದರ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಕೈಕೈ ಕಾಳಗದಲ್ಲಿ ಅದನ್ನು ನಿಜವಾಗಿ ಬಳಸಿದ್ದಾರೆ. ದಸರೆಯಲ್ಲಿ ಗೂರ್ಖಾ ಪಲ್ಟನ್ನುಗಳು ಖುಕ್ರಿಗೂ ಬಂದೂಕಿಗೂ ಪೂಜೆ ಮಾಡುತ್ತವೆ. ನಮ್ಮ ಆಯುಧ ಪೂಜೆಯ ಹಾಗೆಯೇ. ಒಂದೇ ಏಟಿಗೆ ಬಲಿ ಬೀಳಬೇಕು ಅನ್ನುವ ಪದ್ಧತಿಯೂ ಇತ್ತು. ಬೀಳದಿದ್ದರೆ ಆ ವರ್ಷ ಪಲ್ಟನ್ನಿಗೆ ಕೆಡುಕು ಅನ್ನುವ ನಂಬಿಕೆ.

1947: ಪಲ್ಟನ್ನುಗಳ ಪಾಲು

ದೇಶ ಭಾಗವಾದಾಗ ಗೂರ್ಖಾಗಳೂ ಭಾಗವಾದರು. 1947ರ ನವೆಂಬರ್ 9ರಂದು ಕಠ್ಮಂಡುವಿನಲ್ಲಿ ಭಾರತ, ಬ್ರಿಟನ್, ನೇಪಾಳದ ನಡುವೆ ಒಪ್ಪಂದ ಆಯಿತು. ಹತ್ತು ರೆಜಿಮೆಂಟುಗಳಲ್ಲಿ ಆರು ಭಾರತಕ್ಕೆ: 1, 3, 4, 5, 8 ಮತ್ತು 9. ನಾಲ್ಕು ಬ್ರಿಟನ್ನಿಗೆ: 2, 6, 7 ಮತ್ತು 10. ಬ್ರಿಟನ್ನಿಗೆ ಮಲಯದ ಕಾಡುಗಳಲ್ಲಿ, ಸಿಂಗಾಪುರ, ಹಾಂಗ್‌ಕಾಂಗ್‌ಗಳಲ್ಲಿ ತನ್ನ ವಸಾಹತು ಕಾಯಲು ಜನ ಬೇಕಿತ್ತು.

ಯಾವ ಕಡೆ ಹೋಗುತ್ತೀರಿ ಅಂತ ಸೈನಿಕರನ್ನೇ ಕೇಳಿದರು. ಸ್ವಾತಂತ್ರ್ಯಕ್ಕೆ ಮೊದಲು ಗೂರ್ಖಾ ರೆಜಿಮೆಂಟುಗಳಲ್ಲಿ ಭಾರತೀಯ ಅಧಿಕಾರಿಗಳೇ ಇರಲಿಲ್ಲ. ಇದ್ದವರೆಲ್ಲ ಬಿಳಿಯರು. ಅಧಿಕಾರಿಗಳನ್ನು ತಂದೆಯಂತೆ ಕಾಣುವ ನಮ್ಮ ಹುಡುಗರು ನಮ್ಮ ಹಿಂದೆಯೇ ಬರುತ್ತಾರೆ ಅಂತ ಅನೇಕ ಬ್ರಿಟಿಷ್ ಅಧಿಕಾರಿಗಳು ನಂಬಿದ್ದರು. ಆದರೆ ಬ್ರಿಟನ್ನಿನ ಪಾಲಿಗೆ ಬಿದ್ದಿದ್ದ ಪಲ್ಟನ್ನುಗಳಲ್ಲೇ ದೊಡ್ಡ ಸಂಖ್ಯೆಯ ಜನ ಭಾರತವನ್ನು ಆರಿಸಿಕೊಂಡರು. ಭಾರತ ಪಕ್ಕದ ಮನೆ, ಮಲಯ ಸಮುದ್ರದಾಚೆ. 7 ಮತ್ತು 10ನೇ ರೆಜಿಮೆಂಟಿನಿಂದ ಹಾಗೆ ಉಳಿದ ರಾಯ್ ಮತ್ತು ಲಿಂಬುಗಳಿಗಾಗಿಯೇ 1948ರ ಜನವರಿಯಲ್ಲಿ 11ನೇ ಗೋರ್ಖಾ ರೈಫಲ್ಸ್ ಹುಟ್ಟಿತು. ಭಾರತದಲ್ಲಿ ಈಗ ಏಳು ರೆಜಿಮೆಂಟುಗಳಿರುವುದು ಹೀಗೆ.

ಆ ಮಾತುಕತೆಯಲ್ಲಿ ನೇಪಾಳದ ಪ್ರಧಾನಿ ಪದ್ಮ ಶಂಶೇರ್ ಒಂದು ವಿಷಯ ಕೇಳಿದ್ದರು: ಬಡ್ತಿ, ಸವಲತ್ತು ಎಲ್ಲದರಲ್ಲೂ ನಮ್ಮವರನ್ನು ನಿಮ್ಮವರ ಸಮಕ್ಕೆ ನೋಡಿ, ಬಾಡಿಗೆ ಸೈನಿಕರು ಅನ್ನುವ ಕಳಂಕ ಅವರಿಗೆ ಬೇಡ. ಕಾನೂನಿನ ಪ್ರಕಾರ ಆ ಕಳಂಕ ಈಗ ಇಲ್ಲ. 1977ರ ಜಿನೀವಾ ಪ್ರೋಟೋಕಾಲ್ ಪ್ರಕಾರ ಯುದ್ಧದಲ್ಲಿ ತೊಡಗಿದ ದೇಶದ ಅಧಿಕೃತ ಸೇನೆಯಲ್ಲಿ ಇರುವವನು ಬಾಡಿಗೆ ಸೈನಿಕ ಆಗುವುದಿಲ್ಲ. ಸಮಾನತೆಯ ಕಥೆ ಬೇರೆ.

ಬ್ರಿಟನ್ನಿನ ಗೂರ್ಖಾಗಳ ಮೂಲ ಸಂಬಳವನ್ನು ಭಾರತೀಯ ಸೇನೆಯ ಸಂಬಳದ ಲೆಕ್ಕಕ್ಕೆ ಕಟ್ಟಿದ್ದರು. ಮೇಲೆ ಭತ್ಯೆ ಕೊಡುತ್ತಿದ್ದರು, ನಿಜ. ಆದರೆ ಪಿಂಚಣಿ ಬರುತ್ತಿದ್ದದ್ದು ಆ ಮೂಲ ಸಂಬಳದ ಲೆಕ್ಕದಲ್ಲಿ. ಜೊತೆಗೇ ಹೋರಾಡಿದ ಬ್ರಿಟಿಷ್ ಸೈನಿಕನಿಗಿಂತ ಎಷ್ಟೋ ಕಡಿಮೆ. ನಿವೃತ್ತನಾದವನು ನೇಪಾಳಕ್ಕೆ ವಾಪಸ್ ಹೋಗಿ ಬದುಕುತ್ತಾನೆ, ಅಲ್ಲಿಗೆ ಇಷ್ಟು ಸಾಕು ಅನ್ನುವುದು ವಾದ. 1997ರಲ್ಲಿ ಹಾಂಗ್‌ಕಾಂಗ್ ಕೈಬಿಟ್ಟು ಗೂರ್ಖಾ ಪಡೆ ಬ್ರಿಟನ್ನಿಗೇ ಬಂದ ಮೇಲೆ ಈ ವಾದಕ್ಕೆ ಬಲ ಉಳಿಯಲಿಲ್ಲ.

ತುಲ್ ಬಹಾದೂರ್ ಪುನ್ ಅವರದ್ದನ್ನೇ ನೋಡಿ. 1944ರ ಜೂನ್‌ನಲ್ಲಿ ಬರ್ಮಾದ ಮೊಗೌಂಗ್‌ನಲ್ಲಿ, ತಮ್ಮ ತಂಡದವರೆಲ್ಲ ಬಿದ್ದ ಮೇಲೆ ಒಬ್ಬರೇ ಬ್ರೆನ್ ಗನ್ ಹಿಡಿದು ಜಪಾನಿ ನೆಲೆಗೆ ನುಗ್ಗಿ ವಿಕ್ಟೋರಿಯಾ ಕ್ರಾಸ್ ಪಡೆದವರು. ಮುದಿವಯಸ್ಸಿನಲ್ಲಿ ಚಿಕಿತ್ಸೆಗಾಗಿ ಬ್ರಿಟನ್ನಿಗೆ ಬರಲು ವೀಸಾ ಕೇಳಿದರು. 2007ರಲ್ಲಿ ಅರ್ಜಿ ತಿರಸ್ಕಾರವಾಯಿತು. ಕಾರಣ, ಬ್ರಿಟನ್ ಜೊತೆ ಅವರಿಗೆ ಗಟ್ಟಿ ನಂಟು ಇದೆ ಅನ್ನುವುದು ಸಾಬೀತಾಗಿಲ್ಲವಂತೆ! ಗಲಾಟೆಯಾಗಿ, ಆಮೇಲೆ ವೀಸಾ ಸಿಕ್ಕಿತು. ನಟಿ ಜೊಆನಾ ಲಮ್ಲಿ ಇಂಥ ಸೈನಿಕರ ಪರವಾಗಿ ಬೀದಿಗಿಳಿದರು. ಅವರ ತಂದೆ ಪುನ್ ಅವರ ರೆಜಿಮೆಂಟಿನಲ್ಲೇ ಅಧಿಕಾರಿಯಾಗಿದ್ದವರು. 2009ರಲ್ಲಿ, ನಾಲ್ಕು ವರ್ಷ ಸೇವೆ ಮಾಡಿ ನಿವೃತ್ತರಾದ ಗೂರ್ಖಾಗಳಿಗೆಲ್ಲ ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕು ಸಿಕ್ಕಿತು. ಪಿಂಚಣಿಯ ಜಗಳ ಮಾತ್ರ ಪೂರ್ತಿ ಬಗೆಹರಿಯಲಿಲ್ಲ. 1997ರ ಜುಲೈಗೆ ಮೊದಲು ನಿವೃತ್ತರಾದವರಿಗೆ ಹಳೆಯ ಲೆಕ್ಕವೇ ಉಳಿಯಿತು. 2021ರ ಆಗಸ್ಟ್‌ನಲ್ಲಿ ಮುದುಕರು ಲಂಡನ್ನಿನಲ್ಲಿ ಪ್ರಧಾನಿ ಮನೆ ಎದುರು 13 ದಿನ ಉಪವಾಸ ಕೂತರು.

ಭಾರತದಲ್ಲಿ ಈ ತಾರತಮ್ಯ ಇರಲಿಲ್ಲ. ನೇಪಾಳಿ ಪ್ರಜೆಯಾದರೂ ಸಂಬಳ, ಪಿಂಚಣಿ ಭಾರತೀಯ ಸೈನಿಕನದ್ದೇ. ಪಿಂಚಣಿ ಹಂಚಲು ಕಠ್ಮಂಡು, ಪೋಖರಾ, ಧರಾನ್‌ಗಳಲ್ಲಿ ಭಾರತದ ಕಚೇರಿಗಳೇ ಇವೆ. 1950ರಿಂದ ಒಂದು ದೇಶದ ಸೇನಾ ಮುಖ್ಯಸ್ಥರಿಗೆ ಇನ್ನೊಂದು ದೇಶ ಗೌರವ ಜನರಲ್ ಪದವಿ ಕೊಡುವ ಪದ್ಧತಿ ಇದೆ. ಈ ಪಲ್ಟನ್ನುಗಳಿಗೆ ಅಧಿಕಾರಿಯಾಗಿ ಬರುವವರು ಯಾವ ರಾಜ್ಯದವರೂ ಆಗಿರಬಹುದು, ಆದರೆ ಗೋರ್ಖಾಲಿ ಮಾತು ಕಲಿಯಲೇಬೇಕು. ಪಾರ್ಸಿಯಾದ ಮಾಣೆಕ್‌ಷಾ ಅವರು ಸ್ಯಾಮ್ ಬಹಾದೂರ್ ಆದದ್ದು 8ನೇ ಗೋರ್ಖಾ ರೈಫಲ್ಸ್‌ನ ನಂಟಿನಿಂದ.

ಈ ರೆಜಿಮೆಂಟುಗಳಿಗೆ ಮೂರು ಪರಮವೀರ ಚಕ್ರ ಬಂದಿವೆ. 1961ರಲ್ಲಿ ಕಾಂಗೋದಲ್ಲಿ ವಿಶ್ವಸಂಸ್ಥೆಯ ಪರವಾಗಿ ಹೋರಾಡಿ ಮಡಿದ ಗುರ್ಬಚನ್ ಸಿಂಗ್ ಸಲಾರಿಯಾ. 1962ರಲ್ಲಿ ಪ್ಯಾಂಗಾಂಗ್ ದಂಡೆಯ ಸಿರಿಜಾಪ್ ಠಾಣೆಯ ಧನ್ ಸಿಂಗ್ ಥಾಪಾ. ಸತ್ತಿದ್ದಾರೆ ಅಂದುಕೊಂಡೇ ಇವರಿಗೆ ಪದಕ ಘೋಷಿಸಿದ್ದರು, ಚೀನಾದ ಸೆರೆಯಲ್ಲಿ ಬದುಕಿದ್ದಾರೆ ಅಂತ ಆಮೇಲೆ ತಿಳಿಯಿತು. 1999ರಲ್ಲಿ ಕಾರ್ಗಿಲ್‌ನ ಖಾಲುಬಾರ್‌ನಲ್ಲಿ ಮಡಿದ ಮನೋಜ್ ಕುಮಾರ್ ಪಾಂಡೆ. ಮೂವರಲ್ಲಿ ಸಲಾರಿಯಾ ಪಂಜಾಬಿನವರು, ಪಾಂಡೆ ಉತ್ತರ ಪ್ರದೇಶದವರು ಅನ್ನುವುದನ್ನು ಗಮನಿಸಿ. ಗೂರ್ಖಾ ಶೌರ್ಯ ರಕ್ತದಲ್ಲಿರುತ್ತದೆ ಅನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಸೇರುವುದು ಹೇಗೆ, ಈಗ ಏನಾಗಿದೆ

ಬ್ರಿಟಿಷ್ ಸೇನೆಯ ನೇಮಕಾತಿ ನಡೆಯುವುದು ಮುಖ್ಯವಾಗಿ ಪೋಖರಾದಲ್ಲಿ. ಕೆಲವೇ ನೂರು ಜಾಗಕ್ಕೆ ಸಾವಿರಾರು ಹುಡುಗರು. ಅದರಲ್ಲೊಂದು ಪರೀಕ್ಷೆ ಡೋಕೋ ಓಟ. ಮರಳು ತುಂಬಿದ ಬಿದಿರು ಬುಟ್ಟಿಯ ಪಟ್ಟಿಯನ್ನು ಹಣೆಗೆ ಕೊಟ್ಟುಕೊಂಡು ಸುಮಾರು 5 ಕಿಲೋಮೀಟರ್ ಕಡಿದಾದ ಗುಡ್ಡ ಏರಿ ಓಡಬೇಕು. ಇದಕ್ಕಾಗಿಯೇ ತರಬೇತಿ ಕೊಡುವ ಕೋಚಿಂಗ್ ಸೆಂಟರುಗಳು ಪೋಖರಾ, ಧರಾನ್‌ಗಳಲ್ಲಿವೆ. ಸಿಂಗಾಪುರ ಪೊಲೀಸರ ಗೂರ್ಖಾ ದಳಕ್ಕೂ ಇದೇ ವ್ಯವಸ್ಥೆಯಿಂದ ಹುಡುಗರು ಹೋಗುತ್ತಾರೆ. ಆ ದಳ 1949ರಿಂದ ಇದೆ.

ಭಾರತದ ಕಡೆ ಚಿತ್ರ ಬದಲಾಗಿದೆ. ನಮ್ಮ ಸೇನೆಯಲ್ಲಿ ನೇಪಾಳದ ಗೂರ್ಖಾಗಳು ಸುಮಾರು 30 ಸಾವಿರ ಇದ್ದರು. 2020ರಲ್ಲಿ ಕೋವಿಡ್‌ನಿಂದ ನೇಪಾಳದ ನೇಮಕಾತಿ ನಿಂತಿತು. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂತು. ನಾಲ್ಕು ವರ್ಷ ಸೇವೆ, ಆಮೇಲೆ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಕಾಯಂ ಕೆಲಸ. ಉಳಿದವರಿಗೆ ಒಂದಿಷ್ಟು ಇಡಿಗಂಟು ಸಿಗುತ್ತದೆ, ಪಿಂಚಣಿ ಇಲ್ಲ. ಆಗಸ್ಟ್‌ನಲ್ಲಿ ನೇಪಾಳ ಸರ್ಕಾರ, ಸದ್ಯಕ್ಕೆ ನೇಮಕಾತಿ ಬೇಡ ಅಂದಿತು. ಇದು 1947ರ ಒಪ್ಪಂದದಲ್ಲಿ ಇಲ್ಲದ ಷರತ್ತು ಅನ್ನುವುದು ಅದರ ಆಕ್ಷೇಪ. ಇನ್ನೊಂದು ಆತಂಕವೂ ಇದೆ. ಮಾವೋವಾದಿ ಯುದ್ಧದಿಂದ ಹೊರಬಂದ ದೇಶ ಅದು. ಬಂದೂಕು ಕಲಿತ ಇಪ್ಪತ್ತೈದರ ಹುಡುಗರು ಕೆಲಸವಿಲ್ಲದೆ ಊರಿಗೆ ಮರಳಿದರೆ ಏನು ಮಾಡುವುದು? ಭಾರತದ ವಾದವೂ ಸರಳ: ನಮ್ಮ ಹುಡುಗರಿಗೆ ಇರುವ ನಿಯಮವೇ ಅವರಿಗೂ. ಸಮಾನತೆ ಕೇಳಿದ್ದ ದೇಶಕ್ಕೆ ಸಮಾನತೆಯೇ ಈಗ ಕುತ್ತಿಗೆಗೆ ಬಂದಿದೆ.

ಖಾಲಿ ಜಾಗಗಳನ್ನು ಡಾರ್ಜಿಲಿಂಗ್, ಡೆಹ್ರಾಡೂನ್, ಧರ್ಮಶಾಲಾ, ಶಿಲ್ಲಾಂಗ್ ಕಡೆಯ ಭಾರತೀಯ ಗೂರ್ಖಾಗಳಿಂದ ತುಂಬುತ್ತಿದ್ದಾರೆ. ಜನ ಸಾಲದಿದ್ದ ಕಡೆ ಕುಮಾವೂನಿ, ಗಢವಾಲಿ ಹುಡುಗರನ್ನೂ ತೆಗೆದುಕೊಳ್ಳುತ್ತಿದ್ದಾರೆ. ಬರೀ ಭಾರತೀಯ ಗೂರ್ಖಾಗಳದ್ದೇ ಒಂದು ಬೆಟಾಲಿಯನ್ 2016ರಲ್ಲೇ ಹಿಮಾಚಲದ ಸಬಾಥುವಿನಲ್ಲಿ ಹುಟ್ಟಿತ್ತು. ಅತ್ತ ನೇಪಾಳದ ಕೆಲವು ಯುವಕರು ರಷ್ಯಾದ ಸೈನ್ಯಕ್ಕೆ ಸೇರಿ ಉಕ್ರೇನ್ ಯುದ್ಧದಲ್ಲಿ ಸತ್ತರು. ಅಲ್ಲಿ ಒಪ್ಪಂದವೂ ಇಲ್ಲ, ಪಿಂಚಣಿ ಕಚೇರಿಯೂ ಇಲ್ಲ. 2024ರ ಜನವರಿಯಲ್ಲಿ ನೇಪಾಳ ಸರ್ಕಾರ ರಷ್ಯಾ, ಉಕ್ರೇನ್‌ಗಳಿಗೆ ಕೆಲಸದ ಪರವಾನಗಿ ಕೊಡುವುದನ್ನು ನಿಲ್ಲಿಸಿತು. 2025ರಲ್ಲಿ ಬ್ರಿಟನ್ ಮಾತ್ರ ಗೂರ್ಖಾಗಳದ್ದೇ ಒಂದು ಹೊಸ ಫಿರಂಗಿ ದಳ ಕಟ್ಟುವುದಾಗಿ ಘೋಷಿಸಿತು. ಸದ್ಯಕ್ಕೆ ನೇಪಾಳದ ಬೆಟ್ಟದ ಹುಡುಗನಿಗೆ ಲಂಡನ್ ಮತ್ತು ಸಿಂಗಾಪುರದ ದಾರಿ ತೆರೆದಿದೆ, ಗೋರಖ್‌ಪುರದ ದಾರಿ ಮುಚ್ಚಿದೆ.